ಚಳಿಗಾಲದಲ್ಲಿ ಗಾಣ ನಿಲ್ಲದಿರಲಿ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿಗೆ ಇನ್ನೂ ಐದು ದಿನ ಇತ್ತು. ಹಬ್ಬದ ಮುಂದೆ ಬೆಲ್ಲಕ್ಕೆ ಒಳ್ಳೆಯ ಗಿರಾಕಿ ಇರುತ್ತದೆಂದು ಹಿಂದಿನ ಸಂಜೆಯೇ ಎರಡು ಟನ್ನಿಗೂ ಮೇಲೆ ಕಬ್ಬು ಕಡಿಸಿ ತಂದು ಹಾಕಿದ್ದೆವು. ಬೆಳಗಿನ ಐದು ಗಂಟೆಗೆ ಗಾಣದ ಮನೆಗೆ ಹೋದರೆ ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ 12 ಡಿಗ್ರಿ ತೋರಿಸುತ್ತಿತ್ತು. ತಮ್ಮ ಮತ್ತು ನಾನು ಪಾಳಿಯ ಮೇಲೆ ಇಂಜಿನ್ನಿನ ಹ್ಯಾಂಡಲ್ ತಿರುವಿದೆವು. ಬುಸ್ ಬುಸ್ ಎಂದು ಬಿಳಿ ಹೊಗೆ ಬಂತೇ ಹೊರತು ಇಂಜಿನ್ ಹಿಡಿಯಲಿಲ್ಲ. ಆರು ಮಂದಿ ಆಳು ಚಾದರ ಹೊದ್ದು ಸುಮ್ಮನೆ ಕುಳಿತರು.

ಎಂಟಕ್ಕೆ ಬಿಸಿಲು ಬಿದ್ದ ಮೇಲೆ ಇಂಜಿನ್ ಚಾಲೂ ಆಯಿತು. ಒಲೆಗೆ ಹಾಕಿದ ಸಿಪ್ಪೆ ಇಬ್ಬನಿಗೆ ತೊಯ್ದಿತ್ತು. ಹೊಗೆ ಹೊಗೆಗೂಡಿಗೆ ಏರುವ ಬದಲು ಒಲೆಯ ಬಾಯಿಂದಲೇ ಹೊರಗೆ ಬಂತು. ಎರಡೂವರೆ ತಾಸಿನಲ್ಲಿ ಇಳಿಯಬೇಕಾದ ಕೊಪ್ಪರಿಗೆ ನಾಲ್ಕು ತಾಸು ತಗೊಂಡಿತು. ಕೊನೆಗೆ ಪಾಕದ ಪರೀಕ್ಷೆಯಲ್ಲೂ ಮೋಸ ಹೋದೆವು. ಅಚ್ಚಿಗೆ ಸುರಿದ ಬೆಲ್ಲ ಮರುದಿನ ನೋಡಿದರೂ ಒತ್ತಿದಲ್ಲಿ ಕುಸಿಯುತ್ತಿತ್ತು. ಸುಮಾರು 120 ಕಿಲೋ ಬೆಲ್ಲ ಪೇಟೆಗೆ ಹೋಗುವ ಹಾಗಿರಲಿಲ್ಲ. ಊರಲ್ಲಿ ಕಾಕಂಬಿಯೆಂದು ಹಂಚಿದ್ದಾಯಿತು, ಉಳಿದದ್ದು ದನಗಳ ಪಾಲಾಯಿತು.

ನಾನು ಚಳಿಯನ್ನು ಬೈಯುತ್ತ ಕುಳಿತಿದ್ದೆ. ನಲವತ್ತು ವರ್ಷದಿಂದ ಪಾಕ ನೋಡುವ ನಮ್ಮ ಕಾಕಾ ನಕ್ಕರು. "ಚಳಿ ಏನ್ ಮಾಡೀತೋ ತಮ್ಮಾ? ಮುಂಜಾನಿ ಗಾಣ ಹಿಂದಿನ ದಿನಾ ಸಂಜೀಕನ ಚಾಲೂ ಆಗತೈತಿ. ನಿನ್ನಿ ಸಂಜೀಕ ನಾವು ಏನೂ ಮಾಡ್ಲಿಲ್ಲ, ಇವತ್ತ ಅನುಭೋಗಸ್ತೀವಿ" ಎಂದರು. ಆ ಮಾತನ್ನು ಹಿಡಿದು ಎರಡು ಹಂಗಾಮಿನಲ್ಲಿ ಏನೇನು ಮಾಡಿದೆವು, ಯಾವುದು ಫಲ ಕೊಟ್ಟಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಚಳಿ ಬೇಕು, ಚಳಿಯೇ ತೊಡಕು

ನಮ್ಮ ಹೊಲ ಇರುವುದು ಚಿಕ್ಕೋಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ನಿಪ್ಪಾಣಿ ಕಡೆ ವೇದಗಂಗಾ, ದೂಧಗಂಗಾ. ರಾಯಬಾಗ, ಕಾಗವಾಡ, ಅಥಣಿಯ ದಂಡೆಯ ಊರುಗಳಿಗೆ ಮತ್ತೆ ಕೃಷ್ಣೆ. ನೀರಿದ್ದಲ್ಲೆಲ್ಲ ಕಬ್ಬು. ಸುತ್ತ ಸಕ್ಕರೆ ಕಾರ್ಖಾನೆಗಳಿದ್ದರೂ ಕಡಿತದ ಪಾಳಿ ತಡವಾದಾಗ, ಕೈಗೆ ಬೇಗ ದುಡ್ಡು ಬೇಕಾದಾಗ ಸಣ್ಣ ರೈತನಿಗೆ ಗಾಣವೇ ಆಸರೆ. ಕೊಲ್ಹಾಪುರ ಮತ್ತು ಮಹಾಲಿಂಗಪುರದ ಬೆಲ್ಲದ ಪೇಟೆಗಳು ಎರಡೂ ನಮ್ಮ ಕೈಯಳತೆಯಲ್ಲೇ ಇವೆ.

ಹಗಲು ಬಿಸಿಲು, ರಾತ್ರಿ ಚಳಿ ಇದ್ದರೆ ಕಬ್ಬು ಬೆಳೆಯುವುದನ್ನು ಬಿಟ್ಟು ಸಕ್ಕರೆ ಕೂಡಿಸುತ್ತದೆ. ಹಾಗಾಗಿ ದೀಪಾವಳಿ ಮುಗಿದ ಮೇಲೆ ಗಾಣ ಹೂಡಿ, ಎಳ್ಳಮಾವಾಸ್ಯೆ, ಸಂಕ್ರಾಂತಿ ದಾಟಿಸಿ, ಚಳಿ 'ಶಿವ ಶಿವ' ಎಂದು ಹೋಗುವ ಶಿವರಾತ್ರಿಯ ತನಕ ನಡೆಸುವುದು ರೂಢಿ. ಬೆಲ್ಲಕ್ಕೆ ಹೇಳಿ ಮಾಡಿಸಿದ ಕಾಲ ಇದೇ. ಆದರೆ ಇಂಜಿನ್, ಮೋಟಾರು, ಉರುಳೆ, ಒಲೆ, ಕೊಪ್ಪರಿಗೆಗೆ ತೊಡಕಿನ ಕಾಲವೂ ಇದೇ.

ಗಾಣವೆಂದರೆ ಒಂದು ದೊಡ್ಡ ಅಡುಗೆಮನೆ. ಮನೆಯ ಒಲೆ ಹೊತ್ತದಿದ್ದರೆ ಊಟ ಅರ್ಧ ತಾಸು ತಡವಾದೀತು. ಗಾಣದ ಒಲೆ ತಡವಾದರೆ ಹಿಂಡಿದ ಹಾಲು ಹುಳಿಯಾಗುತ್ತದೆ, ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ, ಆಳಿನ ಪಗಾರ ಮೈಮೇಲೆ ಬರುತ್ತದೆ. ಕಡಿದ ಕಬ್ಬನ್ನು ಒಂದು ದಿನದೊಳಗೆ ಹಿಂಡಿಬಿಡಬೇಕು. ಚಳಿಯಲ್ಲಿ ಕೆಡುವುದು ಸ್ವಲ್ಪ ನಿಧಾನ ಎಂಬುದು ನಿಜ. ಅದನ್ನೇ ನಂಬಿ ಎರಡು ದಿನ ಇಟ್ಟರೆ ಬೆಲ್ಲದ ಬಣ್ಣವೂ ಹೋಯಿತು, ಕಟ್ಟೂ ಹೋಯಿತು.

ಇಂಜಿನ್ ಯಾಕೆ ಹಿಡಿಯುವುದಿಲ್ಲ?

ನಮ್ಮದು ಹಳೆಯ ಒಂಟಿ ಸಿಲಿಂಡರಿನ, ಹ್ಯಾಂಡಲ್ ಹೊಡೆದು ಚಾಲೂ ಮಾಡುವ ಡೀಸೆಲ್ ಇಂಜಿನ್. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಆ ಗಾಳಿ ಕಾಯುತ್ತದೆ. ಕಾದ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಸಿಲಿಂಡರಿನ ತಣ್ಣನೆಯ ಕಬ್ಬಿಣ ಈ ಕಾವನ್ನು ಹೀರಿಕೊಳ್ಳುತ್ತದೆ. ಆಯಿಲ್ ದಪ್ಪಗಾಗಿರುವುದರಿಂದ ಹ್ಯಾಂಡಲ್ಲೂ ಬೇಗ ತಿರುಗುವುದಿಲ್ಲ. ನಿಧಾನ ತಿರುಗಿದರೆ ಒತ್ತಿದ ಗಾಳಿ ಸಂದಿಯಿಂದ ಸೋರಿಹೋಗುತ್ತದೆ. ಆಗ ಡೀಸೆಲ್ ಸುಡದೆ ಬಿಳಿ ಹೊಗೆಯಾಗಿ ಹೊರಬೀಳುತ್ತದೆ. ಅಂದು ನಾವು ನೋಡಿದ್ದು ಅದನ್ನೇ.

ಇದಕ್ಕೆ ನಮಗೆ ಸಿಕ್ಕ ಸುಲಭದ ಮದ್ದು ಬಿಸಿನೀರು. ರಾತ್ರಿ ಇಂಜಿನ್ ಆರಿದ ಮೇಲೆ ಅದರ ತಂಪಿನ ನೀರನ್ನು ಕೆಳಗಿನ ನಲ್ಲಿಯಿಂದ ಬಿಟ್ಟುಬಿಡುತ್ತೇವೆ. ಬೆಳಿಗ್ಗೆ ಬೆಚ್ಚನೆಯ ನೀರು ತುಂಬಿಸಿ ಹತ್ತು ನಿಮಿಷ ಬಿಡುತ್ತೇವೆ. ಸಿಲಿಂಡರ್, ಹೆಡ್ ಎರಡೂ ಕಾವು ಹಿಡಿಯುತ್ತವೆ. ಒಂದು ಎಚ್ಚರ: ಕುದಿಯುವ ನೀರನ್ನು ತಣ್ಣಗಿನ ಹೆಡ್ಡಿಗೆ ಒಮ್ಮೆಲೇ ಸುರಿಯಬಾರದು, ಬೀಡು ಬಿರುಕು ಬಿಟ್ಟೀತು. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಇನ್ನಷ್ಟು ಬಿಸಿ.

ಎರಡನೆಯದು ಆಯಿಲ್. ಬೇಸಿಗೆಗೆ ಹಾಕುವ ದಪ್ಪ ಆಯಿಲ್ಲನ್ನೇ ಚಳಿಗಾಲಕ್ಕೂ ಮುಂದುವರಿಸುತ್ತಿದ್ದೆವು. ಈಗ ಹಂಗಾಮು ಶುರುವಾಗುವ ಮುಂಚೆ ಬದಲಿಸುತ್ತೇವೆ. ಇಂಜಿನ್ನಿನ ಪುಸ್ತಕದಲ್ಲಿ ಚಳಿಗೆ ಯಾವ ನಂಬರ್ ಹೇಳಿದೆಯೋ ಅದನ್ನೇ ಹಾಕಬೇಕು. ಪುಸ್ತಕ ಕಳೆದಿದ್ದರೆ ಅದೇ ಇಂಜಿನ್ ರಿಪೇರಿ ಮಾಡುವ ಮಿಸ್ತ್ರಿಯನ್ನು ಕೇಳಿ.

ಮೂರನೆಯದು ಡೀಸೆಲ್ಲಿನಲ್ಲಿ ನೀರು. ಟಾಕಿ ಅರ್ಧ ಖಾಲಿ ಇದ್ದರೆ ಅದರೊಳಗಿನ ಗಾಳಿಯ ತೇವ ರಾತ್ರಿಯ ತಂಪಿಗೆ ಹನಿಯಾಗಿ ಡೀಸೆಲ್ಲಿಗೆ ಸೇರುತ್ತದೆ. ಆದ್ದರಿಂದ ಸಂಜೆಯೇ ಟಾಕಿ ತುಂಬಿಸಿಡುವುದು ಒಳ್ಳೆಯದು. ವಾರಕ್ಕೊಮ್ಮೆ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಅಡಿಯ ನೀರನ್ನು ಬಿಡಬೇಕು.

ಹ್ಯಾಂಡಲ್ ಹೊಡೆಯುವಾಗ ಹೆಡ್ ಮೇಲಿನ ಲೀವರನ್ನು ಎತ್ತಿ ಹಿಡಿದು, ಚೆನ್ನಾಗಿ ವೇಗ ಬಂದ ಮೇಲೆ ಲೀವರ್ ಬಿಡಬೇಕು. ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಬದಿಗೇ ಇರಲಿ. ಹಿಂದಕ್ಕೆ ಒದ್ದಾಗ ಹ್ಯಾಂಡಲ್ ಕೈ ಜಾರಿಹೋಗುತ್ತದೆ, ಮಣಿಕಟ್ಟು ಉಳಿಯುತ್ತದೆ. ಗಾಳಿ ಎಳೆಯುವ ಬಾಯಿಗೆ ಉರಿಯುವ ಚಿಂದಿ ಹಿಡಿಯುವವರನ್ನು, ಪೆಟ್ರೋಲು ಚಿಮುಕಿಸುವವರನ್ನು ನೋಡಿದ್ದೇನೆ. ಸುತ್ತ ಒಣ ಸಿಪ್ಪೆ ಇರುವ ಜಾಗದಲ್ಲಿ ಇದು ಬೆಂಕಿಯ ಜೊತೆ ಸರಸ. ದಯವಿಟ್ಟು ಮಾಡಬೇಡಿ.

ಇಷ್ಟೆಲ್ಲ ಮಾಡಿದರೂ ಇಂಜಿನ್ ಹಿಡಿಯದಿದ್ದರೆ ತಪ್ಪು ಚಳಿಯದಲ್ಲ. ರಿಂಗು ಸವೆದ ಇಂಜಿನ್ ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ, ಚಳಿಯಲ್ಲಿ ಗುಟ್ಟು ರಟ್ಟಾಗುತ್ತದೆ. ನಮ್ಮದರ ರಿಂಗೂ ಸವೆದಿತ್ತು. ಬದಲಿಸಿದ ಮೇಲೆ ಬಿಸಿನೀರು ಹಾಕಿದ ದಿನ ಎರಡನೆಯ ಹ್ಯಾಂಡಲ್ಲಿಗೇ ಹಿಡಿಯುತ್ತಿದೆ.

ಮೋಟಾರು ಇದ್ದವರಿಗೆ

ಈಗ ಬಹಳ ಗಾಣಗಳು ಕರೆಂಟಿನ ಮೋಟಾರಿನ ಮೇಲೆ ನಡೆಯುತ್ತವೆ. ನಮ್ಮಲ್ಲೂ ಇಂಜಿನ್ ಜೊತೆಗೆ ಮೋಟಾರು ಇದೆ. ತ್ರಿಫೇಜ್ ಯಾವ ಪಾಳಿಗೆ ಬರುತ್ತದೋ ಆ ಹೊತ್ತಿಗೆ ಎದ್ದು ಹಿಂಡುವುದು. ರಾತ್ರಿ ಪಾಳಿ ಬಂದ ವಾರ ಚಳಿಯ ಜೊತೆ ಇಬ್ಬನಿಯೂ ಸೇರುತ್ತದೆ.

ಬಯಲಿಗೆ ಇಟ್ಟ ಮೋಟಾರಿನ ಸುರುಳಿಯೊಳಗೆ ತೇವ ಹೋದರೆ ಮೈಗೆ ಕರೆಂಟು ಇಳಿಯಬಹುದು, ಸುರುಳಿ ಸುಡಬಹುದು. ಮೇಲೊಂದು ತಗಡಿನ ಮಾಡು ಬೇಕೇ ಬೇಕು. ಸುತ್ತ ಗೋಣಿ ಸುತ್ತುವುದಾದರೆ ಮೋಟಾರು ನಿಂತಾಗ ಮಾತ್ರ. ನಡೆಯುವಾಗ ಅದಕ್ಕೆ ಗಾಳಿ ಆಡಬೇಕು. ಹಂಗಾಮಿಗೆ ಮುಂಚೆ ಬಲ್ಲವರಿಂದ ಇನ್ಸುಲೇಶನ್ ಮತ್ತು ಅರ್ಥಿಂಗ್ ಪರೀಕ್ಷೆ ಮಾಡಿಸಿ. ಒದ್ದೆ ನೆಲ, ಬರಿಗಾಲು, ಕಬ್ಬಿನ ಹಾಲು ಬಿದ್ದು ಅಂಟಿದ ಕೈ ಇವೆಲ್ಲ ಒಟ್ಟಿಗಿರುವ ಜಾಗ ಅದು. ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಒಂದು ಒಣ ಹಲಗೆ ಹಾಕಿಡಿ.

ಬೆಳಿಗ್ಗೆ ಮೊದಲ ಸಲ ಬಟನ್ ಒತ್ತಿದಾಗ ಸ್ಟಾರ್ಟರ್ ಟಕ್ಕೆಂದು ಬಿದ್ದುಬಿಡುವುದುಂಟು. ಮತ್ತೆ ಮತ್ತೆ ಒತ್ತುವುದರಿಂದ ಸುರುಳಿ ಕಾಯುತ್ತದೆ, ಬೇರೆ ಲಾಭವಿಲ್ಲ. ಬಹುತೇಕ ಸಲ ಕಾರಣ ಮೋಟಾರಿನಲ್ಲಿ ಇರುವುದಿಲ್ಲ, ಗಾಣದಲ್ಲಿ ಇರುತ್ತದೆ.

ಉರುಳೆಗೆ ರಾತ್ರಿಯ ಸ್ನಾನ

ಗಾಣದಲ್ಲಿ ಏನಿರುತ್ತದೆ? ಹಿಂದಿನ ರಾತ್ರಿಯ ಹಾಲು. ಉರುಳೆಯ ಗೆರೆಗಳಲ್ಲಿ, ಹಲ್ಲಿನ ಚಕ್ರದ ಬುಡದಲ್ಲಿ, ಹಾಲು ಹರಿಯುವ ತಗಡಿನಲ್ಲಿ ಉಳಿದ ಹಾಲು ಚಳಿಗೆ ಅಂಟಾಗಿ ಕೂತಿರುತ್ತದೆ. ಅದರ ಜೊತೆ ಗ್ರೀಸೂ ಗಟ್ಟಿ. ಎರಡೂ ಸೇರಿ ಗಾಣವನ್ನು ಹಿಡಿದುಬಿಡುತ್ತವೆ. ಚಳಿಗೆ ಕೈ ನೀರಿಗೆ ಹಾಕಲು ಯಾರಿಗೂ ಮನಸ್ಸಿಲ್ಲ, ಹಾಗಾಗಿ ರಾತ್ರಿ ತೊಳೆಯದೆ ಮಲಗುತ್ತಿದ್ದರು. ಆಳಿನ ಮಾತು ಬಿಡಿ, ನಾನೇ ಹಾಗೆ ಮಾಡುತ್ತಿದ್ದೆ. ಹುಳಿಯಾದ ಆ ಹಳೆಯ ಹಾಲು ಬೆಳಗಿನ ಹೊಸ ಹಾಲಿಗೆ ಹೆಪ್ಪು ಹಾಕಿದ ಹಾಗೆ ಕೆಲಸ ಮಾಡುತ್ತದೆ.

ಈಗ ಕೊನೆಯ ಕಬ್ಬು ಹಿಂಡಿದ ಕೂಡಲೆ ಬಿಸಿನೀರಿನಿಂದ ತೊಳೆಯುತ್ತೇವೆ. ಬಿಸಿನೀರಾದರೆ ಯಾರೂ ಬೇಡ ಎನ್ನುವುದಿಲ್ಲ. ಉರುಳೆಯನ್ನು ನಿಲ್ಲಿಸಿ, ಪಟ್ಟಾ ಕಳಚಿ ಆಮೇಲೆ ತೊಳೆಯಬೇಕು. ನಡೆಯುವ ಉರುಳೆಗೆ ಬ್ರಷ್ಷು ಹಿಡಿಯುವುದು ಕೈ ಕೊಡುವುದಕ್ಕೆ ಸಮ. ಬೆಳಿಗ್ಗೆ ಬುಶ್ಶುಗಳಿಗೆ ಆಯಿಲ್ ಬಿಟ್ಟು, ಪಟ್ಟಾ ಹಾಕುವ ಮುಂಚೆ ದೊಡ್ಡ ಚಕ್ರವನ್ನು ಕೈಯಿಂದ ಒಂದೆರಡು ಸುತ್ತು ತಿರುವಿ ನೋಡುತ್ತೇವೆ. ಆಮೇಲೆ ಹತ್ತು ನಿಮಿಷ ಖಾಲಿ ಓಡಿಸಿ ನಂತರವೇ ಕಬ್ಬು ಕೊಡುತ್ತೇವೆ. ಮೊದಲು ಒಂದೊಂದೇ ಗಳ, ಆಮೇಲೆ ಹಿಡಿಗಟ್ಟಲೆ.

ಮಫ್ಲರಿನ ಕಥೆ

ಇದನ್ನು ಬರೆಯಲೇಬೇಕು. ಹೋದ ವರ್ಷ ಡಿಸೆಂಬರಿನಲ್ಲಿ ಇಬ್ಬನಿಗೆ ಪಟ್ಟಾ ತೊಯ್ದು ಜಾರುತ್ತಿತ್ತು. ತಮ್ಮ ರಾಳದ ಪುಡಿ ಹಿಡಿದು, ನಡೆಯುವ ಪಟ್ಟಾಕ್ಕೇ ಉದುರಿಸಲು ಬಗ್ಗಿದ. ಕೊರಳಿಗೆ ಉದ್ದನೆಯ ಉಣ್ಣೆಯ ಮಫ್ಲರ್ ಇತ್ತು. ಅದರ ಒಂದು ತುದಿ ಪಟ್ಟಾಕ್ಕೆ ಸಿಕ್ಕಿ ಸರ್ರೆಂದು ಎಳೆಯಿತು. ಅವನ ದೈವ ದೊಡ್ಡದು. ಮಫ್ಲರ್ ಒಂದೇ ಸುತ್ತು ಸುತ್ತಿತ್ತು, ಬಿಚ್ಚಿಕೊಂಡು ಹೋಯಿತು. ಗಂಟು ಹಾಕಿದ್ದರೆ ಅವನು ಇವತ್ತು ನಮ್ಮೊಂದಿಗೆ ಇರುತ್ತಿರಲಿಲ್ಲ. ಕೊರಳ ಮೇಲಿನ ಕೆಂಪು ಗೆರೆ ಹದಿನೈದು ದಿನ ಇತ್ತು. ಅವ್ವ ಅದನ್ನು ನೋಡಿದಾಗಲೆಲ್ಲ ಕಣ್ಣಿಗೆ ಸೆರಗು ಹಚ್ಚುತ್ತಿದ್ದಳು.

ಚಳಿಗಾಲದಲ್ಲಿ ಗಾಣದ ಮುಂದೆ ಕೂಡುವವರೆಲ್ಲ ಚಾದರ, ಮಫ್ಲರ್, ಶಾಲು ಹೊದ್ದಿರುತ್ತಾರೆ. ಬೇಸಿಗೆಯಲ್ಲಿ ಇಲ್ಲದ ಅಪಾಯ ಇದು. ಚಳಿಗೆ ಬೆರಳು ಜೋಮು ಹಿಡಿದು, ಕಬ್ಬಿನ ಜೊತೆ ಕೈ ಎಷ್ಟು ಮುಂದೆ ಹೋಯಿತೆಂದು ಗೊತ್ತಾಗುವುದಿಲ್ಲ. ನಮ್ಮ ಗಾಣದಲ್ಲಿ ಈಗ ನಿಯಮ: ಉರುಳೆ ಮತ್ತು ಪಟ್ಟಾದ ಹತ್ತಿರ ಇರುವವರಿಗೆ ಮೈಗೆ ಹತ್ತಿದ ಸ್ವೆಟರು, ತಲೆಗೆ ಟೊಪ್ಪಿಗೆ. ಜೋತಾಡುವ ಬಟ್ಟೆ ಇಲ್ಲ. ಹೆಣ್ಣಾಳುಗಳ ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು. ಪಟ್ಟಾಕ್ಕೆ ಸುತ್ತ ಬೊಂಬಿನ ತಟ್ಟಿ ಕಟ್ಟಿದ್ದೇವೆ. ರಾತ್ರಿ ಪಟ್ಟಾ ಕಳಚಿ ಒಳಗೆ ತೂಗುಹಾಕುತ್ತೇವೆ. ಒಣಗಿದ ಪಟ್ಟಾ ಜಾರುವುದೇ ಇಲ್ಲ, ರಾಳವೇ ಬೇಡ. ಸಂಜೆಯ ಎರಡು ನಿಮಿಷದ ಕೆಲಸ ಅಷ್ಟೆ.

ಇನ್ನೊಂದು ಮಾತು. ಚಳಿಯೆಂದು ಆಳುಗಳು ಕೆಂಡದ ಬುಟ್ಟಿಯನ್ನು ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿ ಮಲಗುವುದುಂಟು. ಕೆಂಡದ ವಿಷಗಾಳಿಗೆ ವಾಸನೆ ಇಲ್ಲ. ಮಲಗಿದವರು ಏಳದೆ ಇರಬಹುದು. ಕೆಂಡ ಹೊರಗೇ ಇರಲಿ. ಅವರಿಗೆ ಇನ್ನೊಂದು ಕಂಬಳಿ ಕೊಡುವುದು ನಮ್ಮ ಜವಾಬ್ದಾರಿ.

ಸಿಪ್ಪೆ ಒಣಗಿದ್ದರೆ ಅರ್ಧ ಕೆಲಸ ಆದಂತೆ

ಹಿಂಡಿದ ಹಸಿ ಸಿಪ್ಪೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ಅದನ್ನು ಹರಡಿ ಒಣಗಿಸಿ ಉರಿಸುವುದು ನಮ್ಮ ಪದ್ಧತಿ. ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಚಳಿಗಾಲದಲ್ಲಿ ಹಗಲು ಗಿಡ್ಡ, ಬಿಸಿಲು ಎಳೆಯದು, ಇನ್ನೂ ಒಂದೆರಡು ದಿನ ಬೇಕು. ಒಣಗಿದ್ದೂ ರಾತ್ರಿ ಬಯಲಲ್ಲಿ ಬಿದ್ದರೆ ಇಬ್ಬನಿ ಕುಡಿದು ಮೊದಲಿನ ಹಾಗೇ ಆಗುತ್ತದೆ. ಹೊಳೆಯ ದಂಡೆಯ, ಸುತ್ತ ನೀರುಣಿಸಿದ ಕಬ್ಬು ಇರುವ ನಮ್ಮಂಥ ಕಡೆ ಇಬ್ಬನಿ ಜೋರು.

ಒದ್ದೆ ಸಿಪ್ಪೆ ಉರಿದರೂ ಅದರ ಕಾವಿನ ಒಂದು ಪಾಲು ಅದರೊಳಗಿನ ನೀರನ್ನೇ ಆವಿ ಮಾಡಲು ಹೋಗುತ್ತದೆ. ಉಳಿದದ್ದು ಕೊಪ್ಪರಿಗೆಗೆ. ಉರಿ ಮಂದವಾದರೆ ಹಾಲು ಬಹಳ ಹೊತ್ತು ಕುದಿಯುತ್ತದೆ. ಹಾಲಿನಲ್ಲಿ ಸ್ವಲ್ಪ ಹುಳಿ ಇದ್ದೇ ಇರುತ್ತದೆ. ಹುಳಿಯ ಜೊತೆ ಬಹಳ ಹೊತ್ತು ಕಾದರೆ ಸಕ್ಕರೆ ಒಡೆದು ಹರಳುಗಟ್ಟದ ಬೇರೆ ಸಕ್ಕರೆ ಆಗುತ್ತದೆ. ಬೆಲ್ಲ ಕಪ್ಪಾಗುವುದು, ಅಂಟಂಟಾಗುವುದು, ಮಳೆಗಾಲದಲ್ಲಿ ನೀರೊಡೆಯುವುದು ಇದರಿಂದಲೇ. ಅಂದರೆ ಸಂಜೆ ಮುಚ್ಚದೆ ಬಿಟ್ಟ ಸಿಪ್ಪೆ ಬೆಲ್ಲದ ಬಣ್ಣದಲ್ಲಿ ಕಾಣುತ್ತದೆ.

ನಾವು ಮಾಡಿದ್ದು ಇಷ್ಟೇ. ದಿನಾ ಸಂಜೆ ಸೂರ್ಯ ಇಳಿಯುವ ಮುಂಚೆ, ಸಿಪ್ಪೆ ಇನ್ನೂ ಬೆಚ್ಚಗಿರುವಾಗಲೇ ಎಳೆದು ಗುಡ್ಡೆ ಹಾಕಿ ತಾಡಪತ್ರಿ ಹೊದಿಸುವುದು. ಬೆಳಗಿನ ಮೊದಲ ಕೊಪ್ಪರಿಗೆಗೆ ಬೇಕಾಗುವಷ್ಟನ್ನು ಮಾಡಿನ ಕೆಳಗೆ ಬೇರೆಯೇ ಇಡುವುದು. ಒಲೆಯ ಬಾಯಿಂದ ಹದಿನೈದು ಹೆಜ್ಜೆ ದೂರ ಇರಲಿ, ಕಿಡಿ ಹಾರೀತು. ಬೆಳಿಗ್ಗೆ ಇಬ್ಬನಿ ಆರುವ ತನಕ ತಾಡಪತ್ರಿ ತೆಗೆಯಬಾರದು.

ಒಲೆ ಮತ್ತು ಹೊಗೆಗೂಡು

ಹೊಗೆಗೂಡು ಹೊಗೆ ಎಳೆಯುವುದು ಒಳಗಿನ ಗಾಳಿ ಬಿಸಿಯಾಗಿ ಹಗುರಾದಾಗ. ಬೆಳಿಗ್ಗೆ ಇಡೀ ಗೂಡು ತಣ್ಣಗಿರುತ್ತದೆ. ಒಳಗೆ ತಣ್ಣನೆಯ ಭಾರದ ಗಾಳಿ ಕೂತಿರುತ್ತದೆ. ಆಗ ಒಲೆಗೆ ಒಮ್ಮೆಲೇ ಸಿಪ್ಪೆ ತುಂಬಿದರೆ ಹೊಗೆ ನಮ್ಮ ಕಣ್ಣಿಗೇ. ಕಾಕಾ ಮಾಡುವ ಉಪಾಯ ಸುಲಭ. ಹೊಗೆಗೂಡಿನ ಬುಡದ ಕಿಂಡಿಯಲ್ಲಿ ಒಂದು ಹಿಡಿ ಒಣ ರವದಿ ಹೊತ್ತಿಸುತ್ತಾರೆ. ಐದು ನಿಮಿಷದಲ್ಲಿ ಗೂಡು ಬೆಚ್ಚಗಾಗಿ ಎಳೆಯಲು ಶುರು. ಆಮೇಲೆ ಒಲೆಯಲ್ಲಿ ಸಣ್ಣ ಉರಿ, ಆಮೇಲೆ ದೊಡ್ಡದು. ಬುಡದಲ್ಲಿ ಬೂದಿ ತುಂಬಿದ್ದರೆ ಯಾವ ಉಪಾಯವೂ ನಡೆಯದು. ಬೂದಿ ತೆಗೆಯುವುದು ಬೆಳಗಿನ ಮೊದಲ ಕೆಲಸ.

2019ರ ಆಗಸ್ಟ್ ಮಹಾಪೂರದಲ್ಲಿ ನಮ್ಮ ಒಲೆಗೆ ಹೊಳೆ ನುಗ್ಗಿತ್ತು. ಮೇಲೆ ಒಣಗಿದಂತೆ ಕಂಡರೂ ಇಟ್ಟಿಗೆಯ ಒಳಗೆ ತೇವ ಉಳಿದಿತ್ತು. ನವೆಂಬರಿನಲ್ಲಿ ಅವಸರದಿಂದ ಪೂರ್ತಿ ಉರಿ ಕೊಟ್ಟೆವು. ಒಳಗಿನ ನೀರು ಆವಿಯಾಗಿ ಒಳಗೋಡೆ ಚಕ್ಕೆ ಚಕ್ಕೆ ಎದ್ದಿತು, ಮತ್ತೆ ಕಟ್ಟಿಸಬೇಕಾಯಿತು. 2021ರಲ್ಲಿ ಮತ್ತೆ ಹೊಳೆ ಏರಿದಾಗ ಆ ತಪ್ಪು ಮಾಡಲಿಲ್ಲ. ಮೂರು ದಿನ ಬರೀ ಸಣ್ಣ ಉರಿ ಹಾಕಿ ಒಲೆಯನ್ನು ಒಣಗಿಸಿ ಆಮೇಲೆ ಕೊಪ್ಪರಿಗೆ ಏರಿಸಿದೆವು. ಹೊಸ ಒಲೆಗೂ ಇದೇ ಮಾತು.

ಕೊಪ್ಪರಿಗೆ ರಾತ್ರಿ ಖಾಲಿ ಇರಬಾರದು

ಇಷ್ಟೆಲ್ಲಕ್ಕೂ ಬಿಸಿನೀರು ಬೇಕಲ್ಲ, ಎಲ್ಲಿಂದ ತರುವುದು? ಬೆಳಗಿನ ನಾಲ್ಕಕ್ಕೆ ಎದ್ದು ಯಾರು ಕಾಯಿಸುತ್ತಾರೆ? ಇದಕ್ಕೆ ಉತ್ತರ ನಮ್ಮ ಒಲೆಯಲ್ಲೇ ಇತ್ತು. ಕೊನೆಯ ಬೆಲ್ಲ ಇಳಿಸಿದ ಮೇಲೂ ಒಲೆಯಲ್ಲಿ ಕೆಂಡ, ಗೋಡೆಯಲ್ಲಿ ಕಾವು ಬಹಳ ಹೊತ್ತು ಇರುತ್ತದೆ. ಮುಂಚೆ ಅದು ಸುಮ್ಮನೆ ಹೋಗುತ್ತಿತ್ತು.

ಈಗ ಕೊಪ್ಪರಿಗೆಯನ್ನು ತೊಳೆದು, ಒಲೆಯ ಮೇಲೆ ತಿರುಗಿ ಕೂಡಿಸಿ, ಐದಾರು ಇಂಚು ನೀರು ಬಿಡುತ್ತೇವೆ. ನಮ್ಮದು ಎಂಟು ಅಡಿ ಅಗಲದ್ದು, ಐದುನೂರು ಲೀಟರಿಗೂ ಮೇಲೆ ಹಿಡಿಯುತ್ತದೆ. ಒಲೆಯ ಬಾಯಿಗೆ ತಗಡು ಮುಚ್ಚಿ ಅಂಚಿಗೆ ಮಣ್ಣು ಮೆತ್ತುತ್ತೇವೆ, ಕೆಂಡ ಬೇಗ ಆರುವುದಿಲ್ಲ. ಕೊಪ್ಪರಿಗೆಯ ಮೇಲೆ ಹಳೆಯ ತಗಡು ಮುಚ್ಚಿ ಕಲ್ಲು ಹೇರುತ್ತೇವೆ. ನಾಯಿ, ಬೆಕ್ಕು, ಮಕ್ಕಳು ಬೀಳಬಾರದು. ಬೆಳಿಗ್ಗೆ ಐದಕ್ಕೆ ತೆಗೆದರೆ ನೀರು ಸ್ನಾನಕ್ಕಿಂತ ಬಿಸಿ. ಅದೇ ನೀರು ಇಂಜಿನ್ನಿಗೆ, ಅದೇ ಉರುಳೆಗೆ, ಹಾಲು ಸೋಸುವ ಬಟ್ಟೆಗೆ, ಅಚ್ಚಿಗೆ, ಆಳುಗಳ ಕೈಕಾಲಿಗೆ. ಒಲೆಯೂ ಪೂರ್ತಿ ತಣ್ಣಗಾಗಿರುವುದಿಲ್ಲ, ಹಾಗಾಗಿ ಮೊದಲ ಕೊಪ್ಪರಿಗೆ ತಡವಾಗುವುದಿಲ್ಲ.

ನಮ್ಮದು ಸ್ಟೇನ್‌ಲೆಸ್ ಸ್ಟೀಲಿನ ಕೊಪ್ಪರಿಗೆ. ಬರೀ ಕಬ್ಬಿಣದ್ದಾದರೆ ರಾತ್ರಿಯ ನೀರಿಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ಬೆಲ್ಲದ ಬಣ್ಣ ಕೆಡಿಸುತ್ತದೆ. ಅಂಥವರು ಕೊಪ್ಪರಿಗೆ ಇಳಿಸಿ, ಒಲೆಯ ಬಾಯಿಯ ಮೇಲೆ ತಗಡು ಹಾಕಿ, ನೀರು ತುಂಬಿದ ಎರಡು ದೊಡ್ಡ ಹಂಡೆ ಇಡಬಹುದು.

ಬೆಳಿಗ್ಗೆ ನೀರು ತೆಗೆದ ಕೂಡಲೆ ಉರಿ ಹಾಕಬೇಡಿ. ಮೊದಲು ಕೊಪ್ಪರಿಗೆಯಲ್ಲಿ ನಾಲ್ಕು ಬೆರಳು ಹಾಲು ಬೀಳಲಿ. ಖಾಲಿ ಕೊಪ್ಪರಿಗೆ ಕಾದು ಕೆಂಪಾದಾಗ ತಣ್ಣನೆಯ ಹಾಲು ಬಿದ್ದರೆ ತಳ ಸೊಟ್ಟಾಗುತ್ತದೆ, ಜೋಡಣೆ ಬಿಡುತ್ತದೆ, ಹಾಲು ಸೀಯುತ್ತದೆ.

ತಣ್ಣೀರು ಮಾಡಿದ ಮೋಸ

ಇನ್ನು ನಮ್ಮ 120 ಕಿಲೋ ಬೆಲ್ಲ ಕೆಡಲು ಕೊನೆಯ ಕಾರಣ. ಪಾಕ ಬಂತೋ ಇಲ್ಲವೋ ನೋಡಲು ಕಾಕಾ ತಂಬಿಗೆಯ ನೀರಿನಲ್ಲಿ ಒಂದು ಚೂರು ಪಾಕ ಬಿಟ್ಟು ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ಗಟ್ಟಿಯಾಗಿ ತಂಬಿಗೆಗೆ ಟಣ್ ಎಂದರೆ ಇಳಿಸುವುದು. ಅವತ್ತು ಅವರು ಊರಲ್ಲಿ ಇರಲಿಲ್ಲ, ತಿರುಗಿ ಬಂದದ್ದು ಮರುದಿನ. ಪಾಕ ನೋಡಿದ್ದು ನಾನು. ತಂಬಿಗೆಯಲ್ಲಿ ಇದ್ದದ್ದು ರಾತ್ರಿಯೆಲ್ಲ ಮಾಡಿನ ಹೊರಗೆ ಇಟ್ಟ ನೀರು, ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗೆ. ಉಂಡೆ ಚಟ್ಟನೆ ಗಟ್ಟಿಯಾಯಿತು. ನಾನು "ಇಳಸ್ರೋ" ಎಂದೆ. ಪಾಕ ಇನ್ನೂ ಹಸಿಯಿತ್ತು.

ಆಮೇಲೆ ಕಾಕಾ ತೋರಿಸಿದರು. ಒಂದೇ ಪಾಕವನ್ನು ಒಂದೇ ಹೊತ್ತಿಗೆ ಎರಡು ತಂಬಿಗೆಗೆ ಬಿಟ್ಟರು. ರಾತ್ರಿಯ ನೀರಿನಲ್ಲಿ ಉಂಡೆ ಗಟ್ಟಿ. ಆಗ ತಾನೇ ಸೇದಿದ ಬಾವಿಯ ನೀರಿನಲ್ಲಿ ಅದೇ ಉಂಡೆ ಒತ್ತಿದರೆ ಚಪ್ಪಟೆ. "ಪರೀಕ್ಷಾಕ ಬಾವಿ ನೀರ ತಗೋಬೇಕ. ಚಳಿಗಾಲಕ್ಕ ಬ್ಯಾರೆ, ಬ್ಯಾಸಗಿಗೆ ಬ್ಯಾರೆ ಆಗೂದಿಲ್ಲ ಅದು" ಎಂದರು. ಬಾವಿಯ ನೀರಿನ ಕಾವು ವರ್ಷಪೂರ್ತಿ ಹೆಚ್ಚುಕಡಿಮೆ ಒಂದೇ. ಅದಕ್ಕೇ ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಗೆ ಅನಿಸುವುದು.

ನಾವು ಅದರ ಜೊತೆಗೆ ಥರ್ಮಾಮೀಟರನ್ನೂ ಇಟ್ಟಿದ್ದೇವೆ. ಗಟ್ಟಿ ಬೆಲ್ಲಕ್ಕೆ ಪಾಕ ಸುಮಾರು 116ರಿಂದ 118 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕಾಕಂಬಿಗೆ 105-106 ಸಾಕು. ಗಾಜಿನ, ಪಾದರಸದ ಥರ್ಮಾಮೀಟರ್ ಬೇಡ. ತಣ್ಣಗಿದ್ದದ್ದನ್ನು ಕುದಿಯುವ ಪಾಕಕ್ಕೆ ಅದ್ದಿದರೆ ಒಡೆಯುತ್ತದೆ, ಪಾದರಸ ಬಿದ್ದ ಬೆಲ್ಲವನ್ನು ದನಕ್ಕೂ ಹಾಕುವಂತಿಲ್ಲ. ಉದ್ದ ಸ್ಟೀಲ್ ಕಡ್ಡಿಯ, ಮೇಲೆ ಮುಳ್ಳಿರುವುದನ್ನು ತಗೊಳ್ಳಿ. ತಂದ ದಿನವೇ ಕುದಿಯುವ ನೀರಿಗೆ ಅದ್ದಿ ನೋಡಿ. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿ ಇರುವುದರಿಂದ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಳ್ಳು ಅಲ್ಲಿ ನಿಂತರೆ ಸರಿ. ಹೆಚ್ಚುಕಡಿಮೆ ತೋರಿಸಿದರೆ ಅಷ್ಟನ್ನು ನೆನಪಿಟ್ಟು ಲೆಕ್ಕ ಹಾಕಿಕೊಳ್ಳಿ. ಕಬ್ಬಿನ ಜಾತಿ, ಹೊಲದ ಮಣ್ಣು ನೋಡಿ ಒಂದೆರಡು ಡಿಗ್ರಿ ಹಿಂದುಮುಂದು ಆಗುತ್ತದೆ. ಅದನ್ನು ಹೇಳಲು ಕಾಕಾನ ಕಣ್ಣೇ ಬೇಕು.

ಪಾಕ ಸರಿ ಬಂದರೆ ಚಳಿಯಲ್ಲಿ ಬೆಲ್ಲ ಬೇಗ ಕಟ್ಟುತ್ತದೆ. ಆರಿಸುವ ತೊಟ್ಟಿಯ ಅಂಚಿಗೆ ಕೆಲವೇ ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಅಚ್ಚುಗಳನ್ನು ಮೊದಲೇ ತೊಳೆದು ಬಟ್ಟೆ ಹಾಸಿ ಸಾಲಾಗಿ ಇಟ್ಟಿರಬೇಕು. ಆಮೇಲೆ ಹುಡುಕುತ್ತ ಕುಳಿತರೆ ಪೆಂಟಿ ಒಡಕು ಒಡಕಾಗುತ್ತದೆ.

ಸಂಜೆಯ ಕೆಲಸಗಳ ಪಟ್ಟಿ

ನಮ್ಮ ಗಾಣದ ಗೋಡೆಗೆ ಸುಣ್ಣದಲ್ಲಿ ಹೀಗೆ ಬರೆದಿಟ್ಟಿದ್ದೇವೆ:

1. ಹೊತ್ತು ಮುಳುಗುವ ಮುಂಚೆ ಸಿಪ್ಪೆ ಗುಡ್ಡೆ ಹಾಕಿ ತಾಡಪತ್ರಿ ಹೊದಿಸುವುದು.
2. ಬೆಳಗಿನ ಸಿಪ್ಪೆ ಮಾಡಿನ ಕೆಳಗೆ.
3. ಗಾಣ ನಿಲ್ಲಿಸಿ, ಪಟ್ಟಾ ಕಳಚಿ ಒಳಗೆ ತೂಗುಹಾಕುವುದು.
4. ಉರುಳೆ, ತಗಡು, ಸೋಸುವ ಬಟ್ಟೆ ಬಿಸಿನೀರಿನಲ್ಲಿ ತೊಳೆಯುವುದು.
5. ಇಂಜಿನ್ ಆರಿದ ಮೇಲೆ ಅದರ ನೀರು ಬಿಡುವುದು. ಡೀಸೆಲ್ ಟಾಕಿ ತುಂಬಿಸುವುದು.
6. ಕೊಪ್ಪರಿಗೆಗೆ ನೀರು, ಒಲೆಯ ಬಾಯಿಗೆ ತಗಡು.
7. ಬೆಳಿಗ್ಗೆ ಹಿಂಡುವಷ್ಟೇ ಕಬ್ಬು ಕಡಿಸುವುದು.

ಎಲ್ಲ ಸೇರಿ ಮುಕ್ಕಾಲು ತಾಸಿನ ಕೆಲಸ. ತಾಡಪತ್ರಿ, ಥರ್ಮಾಮೀಟರ್, ಆಯಿಲ್ಲಿಗೆ ಆದ ಖರ್ಚು ಅಂದು ಕಳೆದುಕೊಂಡ ಒಂದು ಕೊಪ್ಪರಿಗೆ ಬೆಲ್ಲದ ಕಿಮ್ಮತ್ತಿನಷ್ಟೂ ಆಗಲಿಲ್ಲ. ರಿಂಗಿನ ಖರ್ಚು ಬೇರೆ, ಅದು ಎಂದಿದ್ದರೂ ಮಾಡಬೇಕಾದದ್ದೇ. ಈ ಎರಡು ಹಂಗಾಮಿನಲ್ಲಿ ಚಳಿಯ ಕಾರಣಕ್ಕೆ ಗಾಣ ನಿಂತದ್ದು ಒಂದೇ ದಿನ. ಅಂದು ಮದುವೆಗೆ ಹೋಗುವ ಅವಸರದಲ್ಲಿ ಸಂಜೆಯ ಕೆಲಸ ಬಿಟ್ಟಿದ್ದೆವು.

ನಮ್ಮಲ್ಲಿ ಹಲವರು ಗಾಣ ನಿಲ್ಲಿಸಿಬಿಟ್ಟಿದ್ದಾರೆ. ಆಳು ಸಿಗುವುದಿಲ್ಲ, ದರ ಏರುಪೇರು ಎಂಬ ಕಾರಣಗಳಿವೆ, ಅವು ನಮ್ಮ ಕೈಯಲ್ಲಿಲ್ಲ. ಇಂಜಿನ್ ಹಿಡಿಯದ್ದಕ್ಕೆ, ಸಿಪ್ಪೆ ತೊಯ್ದದ್ದಕ್ಕೆ ಆಗುವ ನಷ್ಟವಾದರೂ ನಮ್ಮ ಕೈಯಲ್ಲಿದೆ. ಅಥಣಿ ಕಡೆಯ ಬಯಲುಸೀಮೆಯಲ್ಲಿ ಇಬ್ಬನಿಗಿಂತ ಗಾಳಿಯ ಕಾಟ ಹೆಚ್ಚೆಂದು ಅಲ್ಲಿನ ಬೀಗರು ಹೇಳುತ್ತಾರೆ. ಅವರು ಒಲೆಯ ಬಾಯಿಗೆ ಗಾಳಿ ತಡೆಯಲು ಏನು ಮಾಡುತ್ತಾರೆ, ನಿಪ್ಪಾಣಿ ಕಡೆಯವರು ಸಿಪ್ಪೆ ಹೇಗೆ ಒಣಗಿಸುತ್ತಾರೆ ಎಂದು ತಿಳಿಯುವ ಆಸೆ ನನಗಿದೆ. ಗಾಣ ನಡೆಸುವವರು ತಮ್ಮ ಅನುಭವವನ್ನು ಪತ್ರಿಕೆಗೆ ಬರೆದರೆ ಮುಂದಿನ ಚಳಿಗೆ ಎಲ್ಲರಿಗೂ ಉಪಯೋಗವಾದೀತು.